ನೆರೆಮನೆ ಅಜ್ಜಿ ತಾನು 'ವಿಚ್' ಅಂದ್ರು, ಅಮ್ಮಂಗೆ ಕನ್ನಡದಲ್ಲಿ ಏನಂತ ಹೇಳ್ಲಿ? ಪೇಗನ್ ಪದಗಳ ಅರ್ಥ, ಮೂಲ ಗೊತ್ತಿರೋರು ಬನ್ನಿ

ಹೇಮಾವತಿ_ದಂಡೆ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾನಿರೋದು ಎಡಿನ್‌ಬರಾದಲ್ಲಿ, ಹಳೇ ಕಲ್ಲಿನ ಕಟ್ಟಡ, ಒಂದೇ ಮೆಟ್ಟಿಲಿಗೆ ಎಂಟು ಮನೆ. ಕೆಳಗಿನ ಮನೇಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ರಿದಾರೆ, ನರ್ಸ್ ಆಗಿದ್ದು ರಿಟೈರ್ ಆದೋರು. ಹೋದ್ ತಿಂಗ್ಳು ಅಮ್ಮ ಚನ್ನರಾಯಪಟ್ಟಣದಿಂದ ಬಂದ್ರು ಅಂತ ಗೊತ್ತಾಗಿ ಅಜ್ಜಿ ಓಟ್ಸ್ ಬಿಸ್ಕತ್ತು, ಒಣಗಿಸಿದ ಲ್ಯಾವೆಂಡರ್ ಕಟ್ಟು ಹಿಡ್ಕೊಂಡು ಮೇಲೆ ಬಂದ್ರು. ಮಾತಿನ ಮಧ್ಯೆ ತಾನು ಪೇಗನ್, ಅಂದ್ರೆ ಯುರೋಪಿನ ಹಳೇ ದೇವರುಗಳನ್ನ ನಂಬೋಳು, ವಿಕ್ಕ ಅನ್ನೋ ಧರ್ಮ ಪಾಲಿಸ್ತೀನಿ, ವಿಚ್ ಅಂತ ಹೇಳ್ಕೊಳಕ್ಕೆ ನಂಗೆ ಹೆಮ್ಮೆ ಅಂದ್ರು. ಅಮ್ಮ "ಏನಂದ್ರೇ?" ಅಂತ ಕೇಳಿದ್ರು. ನಾನು ಒಂದ್ ಸೆಕೆಂಡೂ ಯೋಚ್ನೆ ಮಾಡ್ದೆ "ಮಾಟಗಾತಿ ಅಂತೆ" ಅಂದ್ಬಿಟ್ಟೆ.

ಅಲ್ಲಿಗೆ ಮುಗೀತು. ಬಿಸ್ಕತ್ತು ಮುಟ್ಲಿಲ್ಲ, ಲ್ಯಾವೆಂಡರ್ ಕಸದ ಡಬ್ಬಿಗೆ ಹೋಯ್ತು. ಮಾರನೇ ದಿನ ಆಫೀಸಿಂದ ಬಂದ್ರೆ ಬಾಗಿಲಿಗೆ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಕರಿದಾರದಲ್ಲಿ ಪೋಣಿಸಿ ನೇತಾಕಿದಾರೆ. ಅಜ್ಜಿ ಮೆಟ್ಟಿಲು ಹತ್ತಿ ಬಂದು ನೋಡಿ "ಎಷ್ಟ್ ಚೆನ್ನಾಗಿದೆ, ಇದ್ಯಾವ ಹಬ್ಬದ್ದು?" ಅಂತ ಕೇಳಿದ್ರು. ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ಆವತ್ತು ರಾತ್ರಿ ನಿದ್ದೆ ಬಂದಿಲ್ಲ ನಂಗೆ. ನಾನು ಆಡಿದ ಒಂದು ಪದದಿಂದ ಆಗಿದ್ದು ಇದೆಲ್ಲ.

ಅದಕ್ಕೇ ಕೇಳ್ತಿದೀನಿ. ವಿಕ್ಕ, ವಿಚ್, ಪೇಗನ್, ಸಬತ್, ಕವನ್ ಈ ಪದಗಳ ಮೂಲ ಏನು, ಕನ್ನಡದಲ್ಲಿ ಇವನ್ನ ಮರ್ಯಾದೆಯಿಂದ ಹೇಳೋದು ಹೇಗೆ? ಅಮ್ಮ ಇನ್ನೂ ನಾಲ್ಕು ತಿಂಗ್ಳು ಇಲ್ಲೇ ಇರ್ತಾರೆ.

ನೋಡೋಣ_ಬಿಡಿ
ಮೊದ್ಲು ಆ ನಿಂಬೆಹಣ್ಣು ತೆಗೀರಿ ಅಕ್ಕ.

ಪದಕಾಡು
ಒಳ್ಳೇ ಪ್ರಶ್ನೆ. ವಿಚ್, ವಿಕ್ಕ ಎರಡೂ ಒಂದೇ ಪದದ ಎರಡು ರೂಪ. ಹಳೇ ಇಂಗ್ಲಿಷಲ್ಲಿ ಗಂಡಸಾದ್ರೆ ವಿಕ್ಕ, ಹೆಂಗಸಾದ್ರೆ ವಿಕ್ಕೆ ಅಂತ ಬರೀತಿದ್ರು, ಆದ್ರೆ ಆಗಿನ ಉಚ್ಚಾರಣೆ 'ವಿಚ್ಚ', 'ವಿಚ್ಚೆ'. ಅದೇ ಸವೆದು ವಿಚ್ ಆಯ್ತು. 20ನೇ ಶತಮಾನದಲ್ಲಿ ಹಳೇ ಬರಹ ನೋಡಿ ಪದವನ್ನ ಮತ್ತೆ ಎತ್ಕೊಂಡೋರು ಅಕ್ಷರ ಇದ್ದಂಗೆ 'ವಿಕ್ಕ' ಅಂತ ಓದಿದ್ರು, ಅದೇ ನಿಂತ್ಕೊಂಡ್ತು.

ಈ ಧರ್ಮವನ್ನ ಲೋಕಕ್ಕೆ ತಂದೋರು ಜೆರಾಲ್ಡ್ ಗಾರ್ಡ್ನರ್ (1884–1964). ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿ ಆಗಿದ್ರು, ಅದಕ್ಕೂ ಮುಂಚೆ ಸಿಲೋನ್ ಟೀ ತೋಟದಲ್ಲಿದ್ರು, 1936ರಲ್ಲಿ ರಿಟೈರ್ ಆಗಿ ಇಂಗ್ಲೆಂಡಿಗೆ ಬಂದ್ರು. ಅಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ 1951ರ ತನಕ ಪುಸ್ತಕದಲ್ಲಿತ್ತು. ಅದು ರದ್ದಾದ ಮೂರೇ ವರ್ಷಕ್ಕೆ, 1954ರಲ್ಲಿ, ಗಾರ್ಡ್ನರ್ ಪುಸ್ತಕ ಬಂತು. ಅದ್ರಲ್ಲಿ ಅವರು ಒಂದೇ ಕಕಾರ ಹಾಕಿ 'ವಿಕ' ಅಂತ ಬರ್ದಿದಾರೆ, ಅದೂ ಧರ್ಮದ ಹೆಸರಾಗಿ ಅಲ್ಲ, ಆ ಗುಂಪಿನ ಜನರ ಹೆಸರಾಗಿ. ಧರ್ಮದ ಹೆಸರಾಗಿದ್ದು ಆಮೇಲೆ.

ಶಿವಮೊಗ್ಗ_ಮಳೆ
ವಿಕ್ಕ ಅಂದ್ರೆ 'ಜ್ಞಾನಿ' ಅಂತ ಅಲ್ವಾ? ವೈಸ್, ವಿಸ್ಡಮ್ ಎಲ್ಲ ಅದೇ ಬೇರಿಂದ ಬಂದಿದ್ದು ಅಂತ ಎಷ್ಟೋ ಕಡೆ ಓದಿದೀನಿ. ಅಮ್ಮಂಗೆ 'ಜ್ಞಾನಿ' ಅಂತ ಹೇಳ್ಬಿಟ್ರೆ ಎಲ್ಲ ಸರಿಹೋಗುತ್ತೆ.

ಪದಕಾಡು
@ಶಿವಮೊಗ್ಗ_ಮಳೆ ಅದು ಗಾರ್ಡ್ನರ್ ಕಾಲದಿಂದ ನಡ್ಕೊಂಡು ಬಂದಿರೋ ವಿವರಣೆ, ಕೇಳಕ್ಕೆ ಚೆನ್ನಾಗಿದೆ, ಆದ್ರೆ ಭಾಷಾಶಾಸ್ತ್ರ ಒಪ್ಪಲ್ಲ. ವೈಸ್ ಬಂದಿದ್ದು ನಮ್ಮ 'ವಿದ್', 'ವೇದ' ಇರೋ ಬೇರಿಂದ, ಅಲ್ಲಿರೋದು ದಕಾರ. ವಿಕ್ಕದಲ್ಲಿರೋದು ದ್ವಿತ್ವ ಕಕಾರ. ದಕಾರ ಹಂಗೆ ಕಕಾರ ಆಗಲ್ಲ. 'ಬಾಗಿಸು' ಅನ್ನೋ ಅರ್ಥದ ಬೇರಿಂದ ಬಂತು ಅಂತ ಇನ್ನೊಂದು ವಾದ ಇದೆ, ಅದಕ್ಕೂ ಗಟ್ಟಿ ಆಧಾರ ಇಲ್ಲ. ಹಳೇ ಇಂಗ್ಲಿಷ್ ಬರಹಗಳಲ್ಲಿ ಆ ಪದದ ಅರ್ಥ ಮಂತ್ರ ಹಾಕೋರು, ಕಣಿ ಹೇಳೋರು ಅಂತ, ಅದೂ ಚರ್ಚಿನ ಪಾದ್ರಿಗಳು ಬಯ್ಕೊಂಡು ಬರೆದಿದ್ದು. ಅಮ್ಮಂಗೆ ಸುಳ್ಳು ಹೇಳಿ ಸರಿ ಮಾಡೋದು ಬೇಡ, ನಾಳೆ ಇನ್ಯಾರೋ ಬೇರೆ ಹೇಳಿದ್ರೆ ಇನ್ನೂ ಕೆಡುತ್ತೆ.

ಶಿವಮೊಗ್ಗ_ಮಳೆ
ಸರಿ, ಒಪ್ಪಿದೆ. ಆದ್ರೆ ಬೇರು ಒಂದೇ ಅಲ್ಲದಿದ್ರೂ ಅವರು ಹಂಗೆ ನಂಬ್ಕೊಂಡು ಆ ಹೆಸರು ಇಟ್ಕೊಂಡಿದಾರೆ ಅಂದ್ರೆ ಅದಕ್ಕೂ ಬೆಲೆ ಇದೆ ಅಲ್ವಾ.

ಜವಾರಿ_ರೊಟ್ಟಿ
ನಾ ಕಲಬುರಗಿಯಾಂವ ರೀ. ಅಕ್ಕಾರ, 'ಮಾಟಗಾತಿ' ಅನ್ನೋ ಶಬ್ದ ನಮ್ ಕಡೆ ಭಾಳ ಕೆಟ್ಟದ್ದು. ಬಾನಾಮತಿ ಮಾಡ್ಯಾಳ ಅಂತ ಒಬ್ಬಾಕಿ ಮ್ಯಾಲ ಹೆಸರು ಬಿತ್ತಂದ್ರ ಮುಗೀತು, ಊರಾಗ ಆಕಿಗಿ ನೀರು ಸೈತ ಸಿಗಂಗಿಲ್ಲ. ನಾ ಸಣ್ಣಾಂವ ಇದ್ದಾಗ ನಮ್ಮ ಓಣ್ಯಾಗ ಒಬ್ಬಾಕಿ ಗಂಡಿಲ್ಲದ ಮುದುಕಿ ಇದ್ಲು, ಯಾರದ್ದೋ ಎಮ್ಮಿ ಸತ್ತಿದ್ದಕ್ಕ ಆಕಿ ಮನಿ ಮುಂದ ಜನ ಕೂಡಿ ಕಲ್ಲು ಒಗದ್ರು. ನಮ್ಮವ್ವ ಆಕಿನ್ನ ಒಳಗ ಕರಕೊಂಡು ಬಾಗಿಲಾ ಹಾಕಿದ್ದು ಇನ್ನೂ ಕಣ್ಣಾಗ ಐತಿ. ಇಂಥಾದ್ದಕ್ಕ ಅಂತ 2017ರಾಗ ರಾಜ್ಯ ಸರ್ಕಾರ ಕಾಯ್ದೆ ಮಾಡ್ತು, 2020ರಾಗ ಜಾರಿಗೆ ಬಂತು. ಹಂಗಾಗಿ ಆ ಶಬ್ದ ಒಬ್ಬ ಒಳ್ಳೆ ಹೆಣ್ಮಗಳಿಗಿ ಹಚ್ಚಬ್ಯಾಡ್ರಿ.

ಪದಕಾಡು
@ಜವಾರಿ_ರೊಟ್ಟಿ ನಿಮ್ಮ ತಾಯಿಗೆ ನನ್ನ ನಮಸ್ಕಾರ. ಪದದ ಹುಟ್ಟು ನೋಡಿ ಆದ್ರೆ, 'ಮಾಟ' ಅನ್ನೋದ್ರಲ್ಲಿ ಕೆಟ್ಟದ್ದು ಏನೂ ಇಲ್ಲ. ಆಡು–ಆಟ, ಓಡು–ಓಟ, ನೋಡು–ನೋಟ, ಹಂಗೇ ಮಾಡು–ಮಾಟ. ಮಾಡಿದ್ದು ಅಂತಷ್ಟೇ. ಹಳಗನ್ನಡದಲ್ಲಿ ಮಾಟ ಅಂದ್ರೆ ಅಂದವಾದ ರಚನೆ ಅಂತಾನೂ ಬರುತ್ತೆ, ಈಗ್ಲೂ 'ಮಾಟವಾದ ಮೂಗು' ಅಂತೀವಲ್ಲ. "ಯಾರೋ ಏನೋ ಮಾಡ್ಸಿದಾರೆ" ಅಂತ ಹಳ್ಳೀಲಿ ಪಿಸುಗುಟ್ಟೋದೂ ಇದೇ 'ಮಾಡು'.

ಹೇಮಾವತಿ_ದಂಡೆ
ಜವಾರಿ ಅಣ್ಣ, ನೀವು ಬರೆದಿದ್ದು ಓದಿ ಕಣ್ಣಲ್ಲಿ ನೀರು ಬಂತು. ಇಲ್ಲೂ ಅದೇ ಕಥೆ. ಸ್ಕಾಟ್ಲೆಂಡಲ್ಲಿ 1563ರಿಂದ 1736ರ ತನಕ ವಿಚ್‌ಕ್ರಾಫ್ಟ್ ಕಾಯ್ದೆ ಇತ್ತು, ಸುಮಾರು 3,800 ಜನರ ಮೇಲೆ ಆಪಾದನೆ ಬಂತು, ಅದ್ರಲ್ಲಿ ಹೆಚ್ಚು ಹೆಂಗಸ್ರು. ಕೋಟೆ ಮುಂದೆ ಗೋಡೆಗೆ ಒಂದು ಪುಟ್ಟ ಕಾರಂಜಿ ಥರ ಇದೆ, 1894ರಲ್ಲಿ ಇಟ್ಟಿದ್ದು, ವಿಚಸ್ ವೆಲ್ ಅಂತಾರೆ, ಆ ಜಾಗದ ಹತ್ರಾನೇ ಸುಡ್ತಿದ್ರಂತೆ. 2022ರ ಮಾರ್ಚ್ 8ಕ್ಕೆ ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ರು. ಅಜ್ಜಿ ನಂಗೆ ಹೇಳಿದ್ದೂ ಅದೇ, "ಆ ಹೆಂಗಸರನ್ನ ಯಾವ ಪದದಿಂದ ಕೊಂದ್ರೋ ಆ ಪದಾನ ನಾನು ಇಟ್ಕೋತೀನಿ" ಅಂತ.

ಕಾರ್ಕ್_ಕನ್ನಡಿಗ
'ಕವನ್', ಅಂದ್ರೆ ವಿಚ್‌ಗಳ ಗುಂಪು, ಅದೂ ನಿಮ್ಮ ಸ್ಕಾಟ್ಲೆಂಡಿಂದಾನೇ ಹೆಸರಾಗಿದ್ದು. ಲ್ಯಾಟಿನ್ನಿನ 'ಕೂಡು, ಸೇರು' ಅನ್ನೋ ಪದದಿಂದ ಬಂದಿದ್ದು, ಕನ್ವೀನ್, ಕಾನ್ವೆಂಟ್ ಅದರ ಅಕ್ಕತಂಗಿಯರು. 1662ರಲ್ಲಿ ಇಸಬೆಲ್ ಗೌಡಿ ಅನ್ನೋ ಹೆಂಗಸು ವಿಚಾರಣೇಲಿ ನಮ್ಮ ಕವನ್ನಲ್ಲಿ ಹದಿಮೂರು ಜನ ಅಂತ ಹೇಳಿದ್ಲು. ಆಮೇಲೆ ಮಾರ್ಗರೆಟ್ ಮರ್ರೆ ಅನ್ನೋ ವಿದ್ವಾಂಸೆ 1921ರ ಪುಸ್ತಕದಲ್ಲಿ ಅದನ್ನೇ ಎಲ್ಲಾ ಕಡೆಗೂ ಹಚ್ಚಿ ಹದಿಮೂರರ ಗುಂಪು ಅಂತ ಪ್ರಸಿದ್ಧಿ ಮಾಡಿದ್ರು. ಎಸ್ಬತ್ ಅನ್ನೋ ಪದವೂ ಅದೇ ಪುಸ್ತಕದಿಂದ ಹರಡಿದ್ದು, ಹಳೇ ಫ್ರೆಂಚಲ್ಲಿ 'ಕುಣಿದಾಡು, ನಲಿ' ಅಂತ ಅರ್ಥ. ಹುಣ್ಣಿಮೆ ರಾತ್ರಿ ಸೇರೋದು ಎಸ್ಬತ್, ವರ್ಷಕ್ಕೆ ಎಂಟು ಸಲ ಬರೋ ದೊಡ್ಡ ಹಬ್ಬ ಸಬತ್.

ನೋಡೋಣ_ಬಿಡಿ
ಸಬತ್ ಅಂದ್ರೆ ನಮ್ಮ ಕ್ರಿಶ್ಚಿಯನ್ ಫ್ರೆಂಡ್ಸ್ ಹೇಳೋ ಸಬ್ಬತ್ ದಿನಾನೇನಾ?

ಕಾರ್ಕ್_ಕನ್ನಡಿಗ
ಪದ ಅದೇ, ಹೀಬ್ರೂನ ಶಬ್ಬಾತ್. ಸಂದರ್ಭ ಬೇರೆ. ಮಧ್ಯಯುಗದ ಯುರೋಪಲ್ಲಿ ಯೆಹೂದ್ಯರನ್ನ ಕಂಡ್ರೆ ಆಗ್ತಿರ್ಲಿಲ್ಲ, ಅವರ ಪವಿತ್ರ ದಿನದ ಹೆಸರನ್ನ ತಗೊಂಡು ಮಾಟಗಾತಿಯರ ಗುಪ್ತ ಕೂಟಕ್ಕೆ ಹಚ್ಚಿದ್ರು. ಎರಡು ಜನಾಂಗದ ಮೇಲಿನ ದ್ವೇಷ ಒಂದೇ ಪದದಲ್ಲಿ. ಈಗಿನ ವಿಕ್ಕದವರು ಅದನ್ನ ಹಬ್ಬ ಅನ್ನೋ ಅರ್ಥದಲ್ಲಿ ಮಾತ್ರ ಬಳಸ್ತಾರೆ.

ಜವಾರಿ_ರೊಟ್ಟಿ
ಹಂಗಾದ್ರ ಪೇಗನ್ ಅಂದ್ರೂ ಬೈಗುಳಾನ ಏನ್ ರೀ?

ಪದಕಾಡು
ಹೌದು, ಬೈಗುಳಾನೇ. ಲ್ಯಾಟಿನ್ನಲ್ಲಿ 'ಪಾಗುಸ್' ಅಂದ್ರೆ ಹಳ್ಳಿ ಸೀಮೆ, 'ಪಾಗಾನುಸ್' ಅಂದ್ರೆ ಹಳ್ಳಿಯವನು. 4ನೇ ಶತಮಾನದ ಕ್ರೈಸ್ತರು ತಮ್ಮೋರಲ್ಲದೋರನ್ನ ಈ ಹೆಸರಿಂದ ಕರೆಯಕ್ಕೆ ಶುರು ಮಾಡಿದ್ರು. ಯಾಕೆ ಅನ್ನೋದ್ರಲ್ಲಿ ಜಗಳ ಇದೆ. ಪಟ್ಟಣದ ಜನ ಮೊದ್ಲು ಕ್ರೈಸ್ತರಾದ್ರು, ಹಳ್ಳಿಯೋರು ಹಳೇ ದೇವರನ್ನ ಬಿಡ್ಲಿಲ್ಲ, ಅದಕ್ಕೆ ಅಂತ ಒಂದು ವಾದ. ರೋಮನ್ ಸೈನಿಕರ ಆಡುಮಾತಲ್ಲಿ ಪಾಗಾನುಸ್ ಅಂದ್ರೆ 'ಸೈನ್ಯಕ್ಕೆ ಸೇರದೋನು' ಅಂತಾನೂ ಇತ್ತು, ಕ್ರಿಸ್ತನ ಸೈನ್ಯಕ್ಕೆ ಸೇರದೋರು ಅಂತ ಆ ಅರ್ಥದಿಂದ ಬಂತು ಅಂತ ಇನ್ನೊಂದು. ನಂಗೆ ಮೊದಲನೇದಕ್ಕಿಂತ ಎರಡನೇದೇ ಸರಿ ಅನ್ಸುತ್ತೆ, ಯಾಕಂದ್ರೆ ಪಟ್ಟಣಗಳಲ್ಲೂ ಹಳೇ ದೇವರ ಭಕ್ತರು ಬೇಕಾದಷ್ಟಿದ್ರು, ರೋಮಿನ ಸೆನೆಟರುಗಳೇ ಇದ್ರು.

'ಹೀದನ್' ಅನ್ನೋದೂ ಇದೇ ಜಾತಿ. ಹೀತ್ ಅಂದ್ರೆ ಕುರುಚಲು ಬೆಳೆದ ಬಯಲು, ಅಲ್ಲಿರೋನು ಹೀದನ್ ಅಂತ ಸಾಮಾನ್ಯವಾಗಿ ಹೇಳ್ತಾರೆ. ವುಲ್ಫಿಲಾ 4ನೇ ಶತಮಾನದಲ್ಲಿ ಗಾಥಿಕ್ ಭಾಷೆಗೆ ಮಾಡಿದ ಬೈಬಲ್ ಅನುವಾದದಲ್ಲೇ ಒಬ್ಬ ಗ್ರೀಕ್ ಹೆಂಗಸಿಗೆ ಈ ಪದ ಬಳಸಿದಾನೆ.

ಜವಾರಿ_ರೊಟ್ಟಿ
ಅಂದ್ರ ನಮ್ಮ 'ಹಳ್ಳಿಮುಕ್ಕ', 'ಹಳ್ಳಿ ಗಮಾರ' ಇದ್ದಂಗ. ನಾ ಹಳ್ಳಿಯಾಂವ, ನಂಗ ಈ ಪೇಗನ್ನರು ಹತ್ರದವ್ರ ಅನಿಸಾಕ ಹತ್ಯಾರ.

ಕಡಲ್‌ಕರೆ
ನಾನು ಪುತ್ತೂರಿನವ. ಈ ವಿಷಯದಲ್ಲಿ ನಮಗೆ ಹೇಳ್ಲಿಕ್ಕೆ ತುಂಬ ಉಂಟು ಮಾರಾಯ್ರೆ. ಎ.ಸಿ. ಬರ್ನೆಲ್ ಅಂತ ಇಂಗ್ಲಿಷ್ ಅಧಿಕಾರಿ ನಮ್ಮ ಪಾಡ್ದನಗಳನ್ನು, ಅಂದ್ರೆ ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು, ಸಂಗ್ರಹ ಮಾಡಿದ್ರು, ಅದು 1890ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚಾಯ್ತು. ಒಳ್ಳೆ ಕೆಲಸವೇ, ಆದ್ರೆ ತಲೆಬರಹ ಎಂತ ಗೊತ್ತುಂಟಾ? ತುಳುವರ 'ಡೆವಿಲ್ ವರ್ಶಿಪ್'. ನಮ್ಮ ಪಂಜುರ್ಲಿ, ಜುಮಾದಿ, ಕೋಟಿ ಚೆನ್ನಯ ಎಲ್ಲ ಡೆವಿಲ್ ಆಯ್ತು. 'ಭೂತ' ಅಂದ್ರೆ ಸಂಸ್ಕೃತದಲ್ಲಿ 'ಆಗಿಹೋದದ್ದು, ಇದ್ದದ್ದು' ಅಷ್ಟೇ, ಭೂತಕಾಲ ಅಂತ ಹೇಳುವುದಿಲ್ವಾ. ಅದನ್ನು ಪಿಶಾಚಿ ಅಂತ ಓದಿ ಡೆವಿಲ್ ಮಾಡಿದ್ದು. ಈಗ ನಮ್ಮಲ್ಲಿ ಎಷ್ಟೋ ಜನ ಭೂತ ಅಂತ ಹೇಳ್ಲಿಕ್ಕೆ ಹಿಂಜರಿದು ದೈವ ಅಂತ ಮಾತ್ರ ಹೇಳುದು. ನನ್ನ ಅಜ್ಜ ಮಾತ್ರ ಕೊನೆವರೆಗೂ 'ಬೂತೊ' ಅಂತ್ಲೇ ಭಕ್ತಿಯಿಂದ ಹೇಳ್ತಿದ್ರು. ಅನುವಾದದ ಒಂದು ಪದ ನೂರು ವರ್ಷ ಕಾಡ್ತದೆ.

ಅಕ್ಕ, ನಿಮ್ಮ ಅಮ್ಮನಿಗೆ ನಿಮ್ಮಿಂದ ಆದದ್ದು ಬರ್ನೆಲ್ ನಮಗೆ ಮಾಡಿದ್ದೇ. ಬೇಜಾರು ಮಾಡ್ಬೇಡಿ ಆಯ್ತಾ, ಸರಿ ಮಾಡ್ಲಿಕ್ಕೆ ಬಂದಿದ್ದೀರಲ್ಲ, ಅದು ದೊಡ್ಡದು.

ಹೇಮಾವತಿ_ದಂಡೆ
ಇಲ್ಲ ಬೇಜಾರಿಲ್ಲ, ನಿಜಾನೇ ಹೇಳಿದೀರ.

ವೇದಮೂಲ108
ಇಷ್ಟೆಲ್ಲ ಚರ್ಚೆ ಯಾಕೆ? ಯುರೋಪಿನ ಎಲ್ಲಾ ಪೇಗನ್ ಪದಗಳೂ ಸಂಸ್ಕೃತದಿಂದ ಹೋದದ್ದು. ಅಲ್ಲಿನ ಹಳೇ ಕೆಲ್ಟ್ ಜನರ ಪುರೋಹಿತರನ್ನ ಡ್ರೂಯಿಡ್ ಅಂತಾರಲ್ಲ, ಡ್ರೂಯಿಡ್ ಅಂದ್ರೆ ದ್ರಾವಿಡ, ನಮ್ಮ ಪುರೋಹಿತರು ಅಲ್ಲಿಗೆ ಹೋಗಿ ಡ್ರೂಯಿಡ್ ಆದ್ರು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಪದಕಾಡು
ಇಲ್ಲ ಸರ್, ಹಾಗಲ್ಲ. ದ್ರಾವಿಡ ಅನ್ನೋದು ತಮಿಳು, ದಮಿಳ ಅನ್ನೋ ಹೆಸರಿಗೆ ಸಂಬಂಧಪಟ್ಟ ಪದ. ಡ್ರೂಯಿಡ್ ಕೆಲ್ಟಿಕ್ ಪದ, ಎರಡು ತುಂಡು ಕೂಡಿ ಆಗಿದ್ದು: 'ದ್ರು' ಅಂದ್ರೆ ಮರ, ಅದ್ರಲ್ಲೂ ಓಕ್ ಮರ, 'ವಿದ್' ಅಂದ್ರೆ ತಿಳಿದೋನು. ಮೊದಲನೇ ತುಂಡಿಗೆ 'ಗಟ್ಟಿಯಾಗಿ' ಅನ್ನೋ ಅರ್ಥ ಹೇಳೋರೂ ಇದಾರೆ. ಇಲ್ಲಿ ನಿಮಗೆ ಖುಷಿಯಾಗೋ ವಿಷ್ಯ ಇದೆ, ಆ ಎರಡೂ ತುಂಡಿಗೆ ಸಂಸ್ಕೃತದಲ್ಲಿ ನೆಂಟರಿದಾರೆ, ದಾರು, ದ್ರುಮ ಒಂದು ಕಡೆ, ವೇದ ಇನ್ನೊಂದು ಕಡೆ. ಆದ್ರೆ ಅದು ಅಲ್ಲಿಂದ ಇಲ್ಲಿಗೆ ಬಂದಿದ್ದೂ ಅಲ್ಲ, ಇಲ್ಲಿಂದ ಅಲ್ಲಿಗೆ ಹೋಗಿದ್ದೂ ಅಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳು ಬೇರೆಬೇರೆ ಊರಲ್ಲಿ ಬೆಳೆದಂಗೆ.

ವೇದಮೂಲ108
ಒಂದೇ ಅಜ್ಜಿ ಅಂತ ಒಪ್ತೀರಿ, ಆ ಅಜ್ಜಿ ಸಂಸ್ಕೃತ ಅಂತ ಒಪ್ಪಕ್ಕೆ ಯಾಕೆ ಕಷ್ಟ?

ಕೌನಸ್_ಮೆಡಿಕೋ
ಮಧ್ಯೆ ಬಾಯಿ ಹಾಕ್ತೀನಿ, ನಾನು ಲಿಥುವೇನಿಯಾದಲ್ಲಿ ಮೆಡಿಸಿನ್ ಓದ್ತಿರೋದು. ಇಲ್ಲಿನ ಭಾಷೇಲಿ ದೇವರು ಅಂದ್ರೆ 'ದಿಯೆವಾಸ್', ಬೆಂಕಿ 'ಉಗ್ನಿಸ್', ಹೊಗೆ 'ದೂಮೈ', ಮಗ 'ಸೂನುಸ್'. ಮೊದಲನೇ ವರ್ಷ ಭಾಷಾ ಕ್ಲಾಸಲ್ಲಿ ಧೂಮ, ಅಗ್ನಿ, ದೇವ ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರ್ಕೊಂಡು ಕಲ್ತೆ, ಮೇಡಂ ನೋಟ್ಸ್ ನೋಡಿ ಬೆರಗಾಗಿದ್ರು. ಆದ್ರೆ ಅವರೇ ಹೇಳಿದ್ದು ಇವು ಸಂಸ್ಕೃತದಿಂದ ತಗೊಂಡ ಪದ ಅಲ್ಲ, ಎರಡಕ್ಕೂ ಮುಂಚಿನ ಒಂದು ಭಾಷೆಯಿಂದ ಉಳ್ಕೊಂಡಿದ್ದು ಅಂತ.

ಇಲ್ಲಿನ ಹಳೇ ಧರ್ಮ ಮತ್ತೆ ಕಟ್ಟಿದೋರ ಸಂಸ್ಥೆ ಹೆಸರು ರೋಮುವಾ. ಅದು ಪ್ರಷ್ಯನ್ನರ ಒಂದು ಪುಣ್ಯಸ್ಥಳದ ಹೆಸರಿಂದ ಬಂದಿದ್ದು, 14ನೇ ಶತಮಾನದ ಒಂದು ಕ್ರೈಸ್ತ ವೃತ್ತಾಂತದಲ್ಲಿ 'ರೊಮೋವೆ' ಅಂತ ಬರುತ್ತೆ. ಸೋವಿಯತ್ ಕಾಲದಲ್ಲಿ ಜಾನಪದ ಸಂಘ ಅಂತ ಹೇಳ್ಕೊಂಡು 1967ರಲ್ಲಿ ಶುರು ಮಾಡಿದ್ದು, ಧರ್ಮ ಅಂದಿದ್ರೆ ಬಿಡ್ತಿರ್ಲಿಲ್ಲ. ಇವರು ಪೇಗನ್ ಅನ್ನೋ ಪದಕ್ಕಿಂತ ತಮ್ಮ ಊರಿನ ನಂಬಿಕೆ ಅನ್ನೋ ಮಾತನ್ನೇ ಇಷ್ಟಪಡ್ತಾರೆ.

ಪದಕಾಡು
ಐಸ್‌ಲ್ಯಾಂಡಿನವರೂ ಹಂಗೇ. ಅವರ 'ಆಸಾತ್ರು' ಅಂದ್ರೆ 'ಆಸ್' ದೇವತೆಗಳ ಮೇಲಿನ 'ತ್ರು', ನಂಬಿಕೆ. ಕೇಳಕ್ಕೆ ಸಾವಿರ ವರ್ಷದ ಪದದ ಥರ ಇದ್ರೂ ಅದು 19ನೇ ಶತಮಾನದಲ್ಲಿ ಕಟ್ಟಿದ್ದು. ಅವರ ಸಂಘ 1972ರಲ್ಲಿ ಶುರುವಾಗಿ 1973ರಲ್ಲಿ ಸರ್ಕಾರದ ಮಾನ್ಯತೆ ಪಡೀತು.

ಶಿವಮೊಗ್ಗ_ಮಳೆ
ಆ ಎಂಟು ಹಬ್ಬದ ಹೆಸರು ಯಾರಾದ್ರೂ ಬಿಡ್ಸಿ ಹೇಳಿ. ಸಂಹೈನ್ ಅಂತ ಓದ್ತೀನಿ, ಸರೀನಾ?

ಕಾರ್ಕ್_ಕನ್ನಡಿಗ
'ಸೌವಿನ್' ಅಂತ ಹೇಳಿ, ಇಲ್ಲಾಂದ್ರೆ ನಮ್ಮ ಮಗಳು ನಗ್ತಾಳೆ. ನಾವಿರೋದು ಐರ್ಲೆಂಡಲ್ಲಿ, ಅವಳ ಸ್ಕೂಲಲ್ಲಿ ಐರಿಷ್ ಕಡ್ಡಾಯ, ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಮೇ ತಿಂಗಳಿಗೆ ಬ್ಯಾಲ್ಟಿನೆ, ಆಗಸ್ಟಿಗೆ ಲೂನಸ, ನವೆಂಬರಿಗೆ ಸೌವಿನ್ ಅಂತಾನೇ ಬರ್ದಿರೋದು. ಇಲ್ಲಿನ ಮಕ್ಕಳಿಗೆ ಅವು ಬರೀ ತಿಂಗಳ ಹೆಸರು, ನಮ್ಮ ಚೈತ್ರ ವೈಶಾಖ ಇದ್ದಂಗೆ. ಸೌವಿನ್ ಅಂದ್ರೆ 'ಬೇಸಿಗೆ ಮುಗಿಯೋದು' ಅಂತ ಹಳೇ ವಿವರಣೆ. ಅದು 'ಸಾವಿನ ದೇವರು' ಅಂತ ಇಂಟರ್‌ನೆಟ್ ತುಂಬ ಇದೆ, ಅಂಥ ದೇವರು ಯಾರೂ ಇಲ್ಲ. 18ನೇ ಶತಮಾನದಲ್ಲಿ ಚಾರ್ಲ್ಸ್ ವಲಾನ್ಸಿ ಅನ್ನೋ ಮಿಲಿಟರಿ ಎಂಜಿನಿಯರ್ ಐರಿಷ್ ಸರಿಯಾಗಿ ಗೊತ್ತಿಲ್ದೆ ಇದ್ರೂ ಬರೆದಿದ್ದು, ಅದನ್ನೇ ಎಲ್ರೂ ನಕಲು ಮಾಡ್ತಾ ಬಂದ್ರು.

ಫೆಬ್ರವರಿ 1 ಇಂಬೊಲ್ಕ್. ಕೊರ್ಮಾಕನ ಹಳೇ ಪದಕೋಶದಲ್ಲಿ ಅದಕ್ಕೆ 'ಕುರಿ ಹಾಲು' ಅಂತ ಅರ್ಥ ಹೇಳಿದೆ, ಕುರಿಗಳು ಹಾಲು ಕೊಡಕ್ಕೆ ಶುರು ಮಾಡೋ ಕಾಲ. 'ಹೊಟ್ಟೆಯಲ್ಲಿ' ಅಂತ ಅರ್ಥ ಮಾಡೋರೂ ಇದಾರೆ, ಗಬ್ಬದ ಕುರಿ ಅಂತ. ಅದೇ ದಿನ ಸಂತ ಬ್ರಿಜಿಡ್ ಹಬ್ಬ, 2023ರಿಂದ ಇಲ್ಲಿ ಆ ಹಬ್ಬಕ್ಕೆ ಒಂದು ಸರ್ಕಾರಿ ರಜೆ. ಮಗಳು ಜೊಂಡುಹುಲ್ಲಲ್ಲಿ ಶಿಲುಬೆ ಹೆಣ್ಕೊಂಡು ಬರ್ತಾಳೆ, ನಾವು ಅದನ್ನ ಬಾಗಿಲ ಮೇಲೆ ತೋರಣದ ಪಕ್ಕ ಸಿಗಿಸ್ತೀವಿ.

ಪದಕಾಡು
ಉಳಿದ ನಾಲ್ಕಕ್ಕೆ ಹೆಸರು ಜರ್ಮಾನಿಕ್, ವೆಲ್ಷ್ ಕಡೆಯಿಂದ. ಯೂಲ್ ಹಳೇ ನಾರ್ಸಿನ 'ಯೋಲ್'ನ ನೆಂಟ. ಒಸ್ಟಾರಾಕ್ಕೆ ಆಧಾರ ಬೀಡ್ ಅನ್ನೋ ಪಾದ್ರಿ 725ರಲ್ಲಿ ಬರೆದ ಒಂದೆರಡು ಸಾಲು, ಇಂಗ್ಲಿಷರು ಒಂದು ತಿಂಗಳನ್ನ ಎಯೊಸ್ತ್ರೆ ದೇವತೆ ಹೆಸರಲ್ಲಿ ಕರೀತಿದ್ರು ಅಂತ. 1835ರಲ್ಲಿ ಯಾಕೋಬ್ ಗ್ರಿಮ್ ಆ ಆಧಾರದ ಮೇಲೆ ಜರ್ಮನ್ನಲ್ಲಿ 'ಒಸ್ಟಾರಾ' ಇದ್ದಿರ್ಬೇಕು ಅಂತ ಊಹಿಸಿದ. ಲಿಥಾ ಕೂಡ ಬೀಡ್ ಹೇಳೋ ತಿಂಗಳ ಹೆಸರೇ. ಮೇಬನ್ ಮಾತ್ರ ತೀರಾ ಹೊಸದು, 1970ರ ದಶಕದಲ್ಲಿ ಅಮೆರಿಕದ ಏಡನ್ ಕೆಲ್ಲಿ ಸೆಪ್ಟೆಂಬರಲ್ಲಿ ಹಗಲು ರಾತ್ರಿ ಸಮ ಆಗೋ ದಿನದ ಹಬ್ಬಕ್ಕೆ ಇಟ್ಟಿದ್ದು. ವೆಲ್ಷ್ ಕಥೇಲಿ ಮೇಬನ್ ಅಪ್ ಮೊದ್ರೊನ್ ಅಂತ ಒಬ್ಬ ಬರ್ತಾನೆ, 'ತಾಯಿಯ ಮಗ' ಅಂತಷ್ಟೇ ಅರ್ಥ. ಹುಟ್ಟಿದ ಮೂರನೇ ರಾತ್ರಿಗೇ ತಾಯಿ ಮಗ್ಗುಲಿಂದ ಕಳುವಾದ ಮಗು.

ವೇದಮೂಲ108
ಅಂದ್ರೆ ಐವತ್ತು ವರ್ಷದ ಹಿಂದೆ ಯಾರೋ ಕೂತು ಹೆಸರಿಟ್ಟ ಹಬ್ಬ. ಇದನ್ನ ಧರ್ಮ ಅಂತೀರಾ? ನೀವೇ ಹೇಳ್ತಿದೀರಿ ವಿಕ್ಕ ಅನ್ನೋ ಉಚ್ಚಾರಣೆ ತಪ್ಪು, ಮರ್ರೆ ಹೇಳಿದ್ದು ತಪ್ಪು, ಎಲ್ಲಾ ತಪ್ಪು.

ಶಿವಮೊಗ್ಗ_ಮಳೆ
ಸರ್, ಗಲ್ಲಿಗಲ್ಲೀಲಿ ಪೆಂಡಾಲ್ ಹಾಕಿ ಗಣಪತಿ ಕೂರಿಸೋದು ತಿಲಕರು 1893ರಲ್ಲಿ ದೊಡ್ಡದು ಮಾಡಿದ ಪದ್ಧತಿ. ಹಾಗಂತ ನಮ್ಮ ಬೀದಿ ಹುಡುಗ್ರು ರಾತ್ರಿಯೆಲ್ಲ ಎದ್ದು ಮಾಡೋ ಪೂಜೆ ಸುಳ್ಳಾಗುತ್ತಾ? ಪದ ಹೊಸದು ಅಂದಮಾತ್ರಕ್ಕೆ ಭಕ್ತಿ ಹೊಸದು ಅಂತಲ್ಲ.

ವೇದಮೂಲ108
ಗಣಪತಿ ಹಳಬ. ಮೆರವಣಿಗೆ ಹೊಸದು.

ಶಿವಮೊಗ್ಗ_ಮಳೆ
ಹಗಲು ರಾತ್ರಿ ಸಮ ಆಗೋ ದಿನಾನೂ ಹಳೇದೇ ಸರ್, ಹೆಸರು ಹೊಸದು.

ಕಾರ್ಕ್_ಕನ್ನಡಿಗ
ಅಲ್ಲಿನ ಪೇಗನ್ನರೇ ಇದನ್ನೆಲ್ಲ ಒಪ್ಕೊಂಡು ಮುಂದೆ ಹೋಗಿದಾರೆ. ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ವಿಕ್ಕ ಆಧುನಿಕ ಕಾಲದಲ್ಲಿ ಹುಟ್ಟಿದ್ದು ಅಂತ ವಿವರವಾಗಿ ಬರೆದ್ಮೇಲೂ ಜನ ಕಮ್ಮಿ ಆಗ್ಲಿಲ್ಲ. 2021ರ ಜನಗಣತೀಲಿ ಇಂಗ್ಲೆಂಡ್, ವೇಲ್ಸ್ ಸೇರಿ 74,000 ಜನ ಪೇಗನ್ ಅಂತ ಬರೆಸಿದಾರೆ, 13,000 ಜನ ವಿಕ್ಕ ಅಂತ.

ಪದಕಾಡು
ಸಣ್ಣ ಪುಟ್ಟ ಪದ ಇನ್ನಷ್ಟು ಹೇಳ್ಬಿಡ್ತೀನಿ. ಪೂಜೆಗೆ ಬಳಸೋ ಕಪ್ಪು ಹಿಡಿಯ ಕತ್ತಿ 'ಅಥಾಮೆ', ಮಧ್ಯಯುಗದ ಲ್ಯಾಟಿನ್ನಿನ 'ಅರ್ತಾವುಸ್'ನಿಂದ ಅಂತಾರೆ, ಅದು ಲಿಪಿಕಾರರು ಗರಿಲೇಖನಿ ಚೂಪು ಮಾಡ್ತಿದ್ದ ಪುಟ್ಟ ಚಾಕು. ಮಂತ್ರದ ಪುಸ್ತಕ 'ಗ್ರಿಮ್ವಾರ್', ಅದು 'ಗ್ರಾಮರ್' ಪದಾನೇ. ಓದು ಬರಹ ಬರೋನಿಗೆ ಮಂತ್ರವೂ ಬರುತ್ತೆ ಅಂತ ಜನ ತಿಳ್ಕೊಂಡಿದ್ರು. ನಾವು ಸಿನಿಮಾದೋರಿಗೆ ಹೇಳೋ 'ಗ್ಲಾಮರ್' ಕೂಡ ಗ್ರಾಮರಿನಿಂದಾನೇ ಸ್ಕಾಟ್ಲೆಂಡಲ್ಲಿ ಹುಟ್ಟಿದ್ದು, ಮೊದಲು ಅದರ ಅರ್ಥ ಕಣ್ಕಟ್ಟು. ವಿಕ್ಕದವರು ಪ್ರಾರ್ಥನೆ ಮುಗಿಸಿ ಹೇಳೋ 'ಸೋ ಮೋಟ್ ಇಟ್ ಬಿ' ಅಂದ್ರೆ 'ಹಾಗೇ ಆಗಲಿ', ನಮ್ಮ ತಥಾಸ್ತು ಥರ, ಫ್ರೀಮೇಸನ್ನರಿಂದ ಬಂದಿದ್ದು. ಮತ್ತೆ ದಯವಿಟ್ಟು ಗಂಡಸು ವಿಚ್‌ಗೆ 'ವಾರ್ಲಾಕ್' ಅನ್ಬೇಡಿ, ಹಳೇ ಇಂಗ್ಲಿಷಲ್ಲಿ ಅದರ ಅರ್ಥ 'ಆಣೆ ಮುರಿದೋನು', ಅವರಿಗೆ ನೋವಾಗುತ್ತೆ.

ಕಡಲ್‌ಕರೆ
ಲೇಖನಿ ಕೆತ್ತುವ ಚಾಕು ದೇವರ ಕತ್ತಿ ಆದದ್ದು ನಂಗೆ ತುಂಬ ಇಷ್ಟ ಆಯ್ತು.

ಹೇಮಾವತಿ_ದಂಡೆ
ಎಲ್ರಿಗೂ ಥ್ಯಾಂಕ್ಸ್. ಇವತ್ತು ಅಜ್ಜಿ ಜೊತೆ ಹಿತ್ತಲಲ್ಲಿ ಬಟ್ಟೆ ಒಣಗಾಕ್ತಾ ಅರ್ಧ ಗಂಟೆ ಮಾತಾಡಿದೆ. ವೃತ್ತ ಹಾಕಿ ಪೂಜೆ ಮಾಡುವಾಗ ಯಾವ ಕಡೆಯಿಂದ ಸುತ್ತೋದು ಅಂತ ಕೇಳಿದ್ದಕ್ಕೆ 'ಜೆಶಲ್' ಅಂದ್ರು, ಗೇಲಿಕ್ ಪದ, ಗಡಿಯಾರದ ಮುಳ್ಳು ತಿರುಗೋ ಕಡೆ. ಉಲ್ಟಾ ಸುತ್ತಿದ್ರೆ 'ವಿಡರ್‌ಶಿನ್ಸ್', ಅದು ವೃತ್ತ ಬಿಚ್ಚೋವಾಗ ಮಾತ್ರ ಅಂತೆ. ಇದರ ಮೂಲ ಗೊತ್ತಾ ಯಾರಿಗಾದ್ರೂ?

ಪದಕಾಡು
ಅಕ್ಕ, ನಿಮ್ಮ ಅಮ್ಮಂಗೆ ಹೇಳೋ ಪದ ಇದೇ ನೋಡಿ! ಸ್ಕಾಟಿಷ್ ಗೇಲಿಕ್‌ನಲ್ಲಿ 'ಜೆಸ್' ಅಂದ್ರೆ ಬಲಗಡೆನೂ ಹೌದು, ದಕ್ಷಿಣ ದಿಕ್ಕೂ ಹೌದು. ಸಂಸ್ಕೃತದ 'ದಕ್ಷಿಣ'ಕ್ಕೂ ಇದೇ ಎರಡು ಅರ್ಥ. ಎರಡೂ ಒಂದೇ ಬೇರಿನ ಪದ. ಮೂಡಣಕ್ಕೆ ಮುಖ ಮಾಡಿ ನಿಂತ್ರೆ ಬಲಗೈ ಕಡೆ ತೆಂಕಣ, ಅದಕ್ಕೇ. ಅಂದ್ರೆ ಜೆಶಲ್ ಅಂದ್ರೆ ಅಕ್ಷರಶಃ ಪ್ರದಕ್ಷಿಣೆ. ಹಳಗನ್ನಡದಲ್ಲಿ ನಮ್ಮದೇ ಪದ ಇದೆ, 'ಬಲಗೊಳ್', 'ಬಲಗೊಂಡು' ಅಂದ್ರೆ ದೇವರನ್ನ ಬಲಕ್ಕಿಟ್ಕೊಂಡು ಸುತ್ತು ಬಂದು ಅಂತ. ವಿಡರ್‌ಶಿನ್ಸ್ ಜರ್ಮನ್ ಕಡೆಯಿಂದ ಬಂದ ಪದ, 'ಎದುರು ದಾರಿ' ಅಂತ, ನಮ್ಮ ಅಪ್ರದಕ್ಷಿಣೆ.

ಇನ್ನೊಂದು. ಅವರಲ್ಲಿ ಕೆಲವು ಗುಂಪುಗಳು ಬಟ್ಟೆ ಇಲ್ಲದೆ ಪೂಜೆ ಮಾಡ್ತಾರೆ, ಎಲ್ರೂ ಅಲ್ಲ, ಅದಕ್ಕೆ 'ಸ್ಕೈಕ್ಲ್ಯಾಡ್' ಅಂತಾರೆ. ಸ್ಕೈ ಆಕಾಶ, ಕ್ಲ್ಯಾಡ್ ಉಟ್ಟ. ಏನು ಹೇಳಿ?

ನೋಡೋಣ_ಬಿಡಿ
ದಿಗಂಬರ!!

ಪದಕಾಡು
ಹೌದು. ಜೈನ ದಿಗಂಬರರ ಬಗ್ಗೆ ಇಂಗ್ಲಿಷಲ್ಲಿ ಬರೆಯೋರು 19ನೇ ಶತಮಾನದಲ್ಲೇ ಹಾಗೆ ಅನುವಾದ ಮಾಡ್ತಿದ್ರು. ಆ ಪದಾನೇ ವಿಕ್ಕಕ್ಕೆ ಹೋಯ್ತು. ಅವರ ಕೈಬರಹದ ಪೂಜಾ ಪುಸ್ತಕಕ್ಕೆ 'ಬುಕ್ ಆಫ್ ಶ್ಯಾಡೋಸ್' ಅಂತಾರಲ್ಲ, ಅದಕ್ಕೂ ನಮ್ಮ ಕಡೆ ನಂಟಿದೆ. ಗಾರ್ಡ್ನರ್ ಜೊತೆಗಿದ್ದ ಡೊರೀನ್ ವಾಲಿಯಂಟೆ ಹೇಳೋ ಪ್ರಕಾರ ಆ ಹೆಸರು ಅವರಿಗೆ ಸಿಕ್ಕಿದ್ದು 1949ರ ಒಂದು ಪತ್ರಿಕೆಯ ಲೇಖನದಿಂದ, ಮನುಷ್ಯನ ನೆರಳು ಅಳೆದು ಭವಿಷ್ಯ ಹೇಳೋ ಒಂದು ಸಂಸ್ಕೃತ ಗ್ರಂಥದ ಬಗ್ಗೆ ಇದ್ದ ಲೇಖನ.

ವೇದಮೂಲ108
ನಾನು ಹೇಳಿದ್ದು ಅಷ್ಟೊಂದು ತಪ್ಪಿರ್ಲಿಲ್ಲ ಹಾಗಾದ್ರೆ.

ಪದಕಾಡು
ಇವೆರಡು ಪದದ ಮಟ್ಟಿಗೆ ಒಪ್ತೀನಿ ಸರ್. ಡ್ರೂಯಿಡ್ ವಿಷ್ಯದಲ್ಲಿ ಇಲ್ಲ.

ಹೇಮಾವತಿ_ದಂಡೆ
ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ನಮ್ಮೂರಿಗೂ ಶ್ರವಣಬೆಳಗೊಳಕ್ಕೂ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಅಮ್ಮ ಸಣ್ಣೋಳಿದ್ದಾಗ ಮಸ್ತಕಾಭಿಷೇಕಕ್ಕೆ ತಾತನ ಜೊತೆ ಗಾಡೀಲಿ ಹೋಗಿದ್ದೋರು. ನಾನು ಸುತ್ತಿ ಬಳಸದೆ ಹೇಳ್ದೆ, "ಅವತ್ತು ನಾನು ತಪ್ಪು ಪದ ಹೇಳಿದ್ದು, ಅವರದ್ದು ಒಂದು ಧರ್ಮ, ವಿಕ್ಕ ಅಂತ, ದೇವರನ್ನ ಬಲ ಬರ್ತಾರೆ, ಹುಣ್ಣಿಮೆ ಮಾಡ್ತಾರೆ, ಕೆಲವರು ನಮ್ಮ ಬೆಳಗೊಳದ ಮುನಿಗಳ ಹಂಗೆ ದಿಗಂಬರ ಅಂತಾರೆ" ಅಂತ. ಅಮ್ಮ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ "ಹಂಗಂತ ಅವತ್ತೇ ಹೇಳಕ್ಕೇನಾಗಿತ್ತು ನಿಂಗೆ, ವಯಸ್ಸಾದೋರು ತಂದಿದ್ನ ಕಸಕ್ಕೆ ಹಾಕ್ಸಿದ್ಯಲ್ಲೇ" ಅಂತ ಬೈದ್ರು. ಸಂಜೆ ನಿಂಬೆಹಣ್ಣು ಬಾಗಿಲಲ್ಲಿ ಇರ್ಲಿಲ್ಲ.

ಕೋಡುಬಳೆ ಮಾಡಿ ಒಂದು ಡಬ್ಬಿ ಕೆಳಗೆ ಕೊಟ್ಬಂದ್ರು. ಈಗ ಅಮ್ಮ ಅವರನ್ನ 'ಕೆಳಗಿನಮನೆ ವಿಕ್ಕದಮ್ಮ' ಅಂತ ಕರೀತಾರೆ. ನಾನು ಪದ ಹುಡುಕ್ತಾ ಇದ್ದೆ, ಅವರೇ ಮಾಡ್ಕೊಂಡ್ರು.

ಜವಾರಿ_ರೊಟ್ಟಿ
ವಿಕ್ಕದಮ್ಮ! ಅವ್ವಗ ಶರಣು ಹೇಳ್ರಿ ನಂದು.

ಕಾರ್ಕ್_ಕನ್ನಡಿಗ
ಈ ಏಪ್ರಿಲ್ 30ಕ್ಕೆ ನಿಮ್ಮೂರಲ್ಲಿ ಕಾಲ್ಟನ್ ಗುಡ್ಡದ ಮೇಲೆ ಬೆಲ್ಟೇನ್ (ನಮ್ಮ ಕಡೆ ಬ್ಯಾಲ್ಟಿನೆ ಅನ್ನೋದೇ) ಬೆಂಕಿ ಹಬ್ಬ ಇರುತ್ತೆ, 1988ರಿಂದ ಮಾಡ್ತಿದಾರೆ. ಅಮ್ಮನ್ನ ಕರ್ಕೊಂಡು ಹೋಗಿ, ಚಳಿಗೆ ಶಾಲು ಇರ್ಲಿ. ಕೊರ್ಮಾಕನ ಪದಕೋಶದಲ್ಲಿ ಬೆಲ್ಟೇನ್‌ಗೆ ಎರಡು ಬೆಂಕಿ ಹಾಕಿ ಮಧ್ಯೆ ದನಗಳನ್ನ ಓಡಿಸ್ತಿದ್ರು, ರೋಗ ಬರದಿರ್ಲಿ ಅಂತ, ಅಂತ ಬರ್ದಿದೆ. ಆ ಪದದ ಕೊನೇ ತುಂಡು 'ಬೆಂಕಿ' ಅನ್ನೋದೇ.

ಹೇಮಾವತಿ_ದಂಡೆ
ಇದನ್ನ ಈಗ್ತಾನೆ ಅಮ್ಮಂಗೆ ಓದಿ ಹೇಳ್ದೆ. "ಸಂಕ್ರಾಂತೀಲಿ ನಾವು ಕಿಚ್ಚು ಹಾಯಿಸಲ್ವಾ, ಅದೇ" ಅಂದ್ರು. ಆಮೇಲೆ ಎದ್ದು ಚಪ್ಪಲಿ ಮೆಟ್ಕೊಂಡು ಮೆಟ್ಟಿಲಿಳಿದು ಹೋಗಿದಾರೆ, ಇಂಗ್ಲಿಷ್ ಒಂದಕ್ಷರ ಬರಲ್ಲ ಅವರಿಗೆ. ಅಲ್ಲಿ ದನಗಳಿಗೆ ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು ಹಾಯಿಸ್ತಿದ್ರಾ ಇಲ್ವಾ ಅಂತ ವಿಕ್ಕದಮ್ಮನ್ನೇ ಕೇಳ್ಬೇಕಂತೆ. ನಾನೂ ಹೋಗ್ತೀನಿ, ಅನುವಾದ ಮಾಡಕ್ಕೆ.